ನಡುವಿನ ಸ್ಪೀಕರ್

ಅಣ್ಣಂದಿರಿಬ್ಬರೂ ಮನೆಯ ನಡುವೆ ಗೋಡೆ ಎಬ್ಬಿಸಿದ ಆ ಯುಗಾದಿ ಮಾರನೆಯ ಹೊಸತೊಡಕಿನ ದಿನ ನಾನು ಮೊದಲ ಸಲ ಊರು ಬಿಟ್ಟೆ. ಆಮೇಲೆ ನಾಟಕ ಕಂಪನಿಯೊಂದರಲ್ಲಿ ಸ್ಪೀಕರ್ ಕಟ್ಟುವವನಾದೆ.

ಎಡಕ್ಕೊಂದು, ಬಲಕ್ಕೊಂದು ಇಟ್ಟರೂ ನಡುವೆ ಕೂತವರಿಗೆ ಹಾಡು ಎರಡು ಹೋಳಾಗಿ ಕೇಳುತ್ತಿತ್ತು. ಎರಡರ ದನಿಯನ್ನೂ ಬೆರೆಸಿ ನಡುವೆ ಮೂರನೆಯದೊಂದನ್ನು ಇಟ್ಟೆ. ಹಾಡು ಕೂಡಿಕೊಂಡಿತು.

"ನನ್ನ ದನಿ ಕದ್ದೆಯಲ್ಲೋ!" ಎಂದಿತು ಎಡದ್ದು, ನಡುವಿನದಕ್ಕೆ.

"ನಿನ್ನದು ಅಂತ ಏನಿದೆಯೋ ತಮ್ಮಾ?" ಎಂದಿತು ಬಲದ್ದು.

"ಏನೂ ಇಲ್ಲಣ್ಣ. ನಾನು ಸುಮ್ಮನಾದರೆ ನೀವಿಬ್ಬರೂ ದೂರವಾಗುತ್ತೀರಿ, ಅಷ್ಟೆ," ಎಂದಿತು ನಡುವಿನದು.

"ಆಗಲಿ ಬಿಡು!" ಎಂದವು ಎರಡೂ, ಮೊದಲ ಸಲ ಒಟ್ಟಿಗೆ.

ನಡುವಿನದು ಸುಮ್ಮನಾಯಿತು. ಹಾಡು ಮತ್ತೆ ಹೋಳಾಯಿತು, ಜನ ಎದ್ದು ಹೋದರು. ಅದರ ವೈರು ಸುತ್ತಿಟ್ಟು, ಮತ್ತೊಮ್ಮೆ ಊರು ಬಿಡಲು ನನ್ನ ಬಟ್ಟೆಬರೆಯನ್ನೂ ಚೀಲಕ್ಕೆ ತುಂಬುತ್ತಿದ್ದೇನೆ.