ಕೂಸುಮಲೆ

ಘಟ್ಟದ ಮೂಡಣ ಸೆರಗಿನಲ್ಲಿ ಕೂಸುಮಲೆ ಎಂಬ ಬೆಟ್ಟವಿದೆ. ಈಗ ಅದು ಸಂರಕ್ಷಿತ ಅರಣ್ಯ. ಬೇರೆಡೆ ಅಪರೂಪವಾದ ಸಿಂಗಳೀಕ ಕೋತಿಗಳು ಇಲ್ಲಿ ಹಿಂಡುಗಟ್ಟಿ ಬಾಳುತ್ತವೆ. ಮುಂಗಾರು ಹಿಡಿಯುವ ಹೊತ್ತಿಗೆ ಕೊಂಬೆಗಳಲ್ಲಿ ಸೀತಾಳೆ ದಂಡೆ ಜೋತುಬಿದ್ದು ಅರಳುತ್ತದೆ. ಆ ಹೂವಿನಿಂದಲೇ ‘ಕುಸುಮಲೆ’ ಎಂಬ ಹೆಸರು ಬಂತೆಂದು ಓದಿದವರು ಹೇಳುವುದುಂಟು. ತಪ್ಪಲಿನ ಹಿರಿಯರು ಇದನ್ನು ಒಪ್ಪುವುದಿಲ್ಲ. ಅದು ಕುಸುಮವಲ್ಲ, ಕೂಸು ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ತಪ್ಪಲಿನಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು. ಅವುಗಳ ಇದ್ದಿಲಿಗಾಗಿ ಸುತ್ತಲಿನ ಗುಡ್ಡಗಳೆಲ್ಲ ಬೋಳಾಗಿ, ಕೊನೆಗೆ ಈ ಬೆಟ್ಟದ ಸರದಿ ಬಂತು. ಮರ ಕಡಿಯುವವರ ಯಜಮಾನ ದುಗ್ಗಜ್ಜ. ಅವನ ಗುಂಪಿನಲ್ಲಿ ಮರದ ತುಂಡು ಹೊರುತ್ತಿದ್ದವಳು ಸೇಸಮ್ಮ. ಮೂರು ಮಕ್ಕಳನ್ನು ಮಣ್ಣಿಗಿಟ್ಟ ಮೇಲೆ ಅವಳಿಗೊಂದು ಹೆಣ್ಣುಕೂಸು ಹುಟ್ಟಿತ್ತು. ಅದಕ್ಕೆ ಎಂಟು ದಿನದಿಂದ ಜ್ವರ. ಕುಲುಮೆಯ ಹೊಗೆಗೆ ಕೆಮ್ಮಿ ಕೆಮ್ಮಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಮೊಲೆ ಹಿಡಿದಿರಲಿಲ್ಲ. ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದೆ ಅವಳು ಕೂಸನ್ನು ಹೊತ್ತುಕೊಂಡೇ ಬೆಟ್ಟ ಹತ್ತಿದಳು. ನೆತ್ತಿಯ ಹತ್ತಿರ ದೊಡ್ಡದೊಂದು ಧೂಪದ ಮರವಿತ್ತು. ಅದರ ಬೇರುಗಳ ನಡುವೆ ಹಳೆಯ ಸೀರೆ ಹಾಸಿ ಮಲಗಿಸಿದಳು. ತಣ್ಣನೆಯ ಗಾಳಿಗೆ ಕೂಸು ನಿದ್ದೆಹೋಯಿತು.

ಮೊದಲ ಏಟು ಆ ಮರಕ್ಕೇ ಬೀಳಬೇಕಿತ್ತು. ಸೇಸಮ್ಮ ಅಡ್ಡ ನಿಂತಳು. “ಅಜ್ಜಾ, ಎಂಟು ದಿನದ ಮೇಲೆ ಈಗ ಕಣ್ಣು ಮುಚ್ಚೈತೆ. ಕೊಡಲಿ ಸದ್ದಿಗೆ ಎಚ್ಚರಾಗ್ತೈತೆ, ಏಳೋವರೆಗೆ ಒಂದು ಗಳಿಗೆ ತಡೀರಿ.”

ಅಮಾವಾಸ್ಯೆಯೊಳಗೆ ಇದ್ದಿಲು ಸೇರದಿದ್ದರೆ ಪಾಳೆಯಗಾರನ ಚಾಟಿ ತನ್ನ ಬೆನ್ನಿಗೇ ಎಂಬುದು ದುಗ್ಗಜ್ಜನಿಗೆ ಗೊತ್ತಿತ್ತು. ಆದರೂ ಕೂಸಿನ ಮುಖ ನೋಡಿ, “ಏಳಲಿ ಬಿಡವ್ವ” ಎಂದು ಕೊಡಲಿ ಕೆಳಗಿಟ್ಟು ಕೂತ. ಉಳಿದವರೂ ಕೂತರು.

ಮಧ್ಯಾಹ್ನವಾದರೂ ಕೂಸು ಏಳಲಿಲ್ಲ. ಸೇಸಮ್ಮ ಮತ್ತೆ ಮತ್ತೆ ಅದರ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಅಷ್ಟರಲ್ಲಿ ಸದ್ದಡಗಿದ ಕಾಡಿನಲ್ಲಿ ಸಿಂಗಳೀಕಗಳು ಕೆಳಗಿಳಿದು ಬಂದವು. ಒಂದು ತಾಯಿ ಹತ್ತಿರದ ಕೊಂಬೆಯಲ್ಲೇ ಕೂತು ಮರಿಗೆ ಹಾಲೂಡಿಸಿತು. ಮೂವತ್ತು ವರ್ಷ ಕಾಡು ಕಡಿದಿದ್ದ ದುಗ್ಗಜ್ಜ ಅಂಥದ್ದನ್ನು ಕಂಡಿರಲಿಲ್ಲ. ಕೊಡಲಿಯ ಸದ್ದಿಗೆ ಓಡುವ ಬೆನ್ನುಗಳನ್ನಷ್ಟೇ ಕಂಡಿದ್ದ.

ಹೊತ್ತು ಇಳಿಯುವಾಗ ಕೂಸು ಎದ್ದಿತು. ಮೈ ಬೆವೆತು ಜ್ವರ ಬಿಟ್ಟಿತ್ತು. ಅತ್ತು ಮೊಲೆ ಹುಡುಕಿತು. ಸೇಸಮ್ಮ ಹಾಲೂಡಿಸುತ್ತಲೇ ಮರಕ್ಕೆ ಹಣೆ ಹಚ್ಚಿ ಅತ್ತುಬಿಟ್ಟಳು. “ಇನ್ನು ಕಡಿಯೋದಾ ಅಜ್ಜಾ?” ಎಂದು ಒಬ್ಬ ಕೇಳಿದ.

“ಕೂಸು ಉಳಿಸಿಕೊಟ್ಟ ಬೆಟ್ಟ ಕಣಪ್ಪ. ನನ್ನ ಕೈಲಾಗಾಕಿಲ್ಲ” ಎಂದು ದುಗ್ಗಜ್ಜ ಇಳಿದು ಹೋದ.

ಬಯಲಿನ ಜಾಲಿ ಕಡಿದು ಇದ್ದಿಲು ಸೇರಿಸುವಷ್ಟರಲ್ಲಿ ನಾಲ್ಕು ದಿನ ತಡವಾಯಿತು. ಚಾಟಿಯೇಟು ತಿಂದ ಅವನ ಬೆನ್ನಿಗೆ ಸೇಸಮ್ಮ ತಿಂಗಳು ಪೂರ್ತಿ ಎಣ್ಣೆ ಹಚ್ಚಿದಳು. ಸಾಯುವವರೆಗೂ ಅವನನ್ನು ಅಪ್ಪಾ ಎಂದೇ ಕರೆದಳು. ಪಾಳೆಯಗಾರ ಬೇರೆಯವರನ್ನು ಕಳಿಸಿದಾಗ ಅವಳು ತಪ್ಪಲಿನ ತಾಯಂದಿರನ್ನೆಲ್ಲ ಕರೆದೊಯ್ದು ಮರಮರದ ಬುಡದಲ್ಲೂ ಕೂಸು ಮಲಗಿಸಿದಳಂತೆ. ಬಂದವರು ಕಾದು ಕಾದು, ಕೊಡಲಿ ಎತ್ತಲಾರದೆ ಮರಳಿದರು ಎನ್ನುತ್ತಾರೆ.

ಇಂದಿಗೂ ಮಗುವಿಗೆ ಕಾಯಿಲೆ ವಾಸಿಯಾದರೆ ತಪ್ಪಲಿನವರು ಬೆಟ್ಟ ಹತ್ತುತ್ತಾರೆ. ಕಾಯಿ ಒಡೆಯುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಧೂಪದ ಮರದ ಬುಡದಲ್ಲಿ ಬಟ್ಟೆ ಹಾಸಿ ಮಗುವನ್ನು ಮಲಗಿಸಿ, ಸುತ್ತ ಕೂರುತ್ತಾರೆ. ನೋಡಲು ಬಂದ ಪ್ರವಾಸಿಗರೂ ದನಿ ತಗ್ಗಿಸುತ್ತಾರೆ. ಎಷ್ಟೇ ಹೊತ್ತಾಗಲಿ, ಅದಾಗಿಯೇ ಏಳುವವರೆಗೆ ಅಲ್ಲಿ ಯಾರೂ ಮಗುವನ್ನು ಎಬ್ಬಿಸುವುದಿಲ್ಲ.