ಗುಳ್ಳೆ ಏಳದ ಜಾಡಿ

ಹೊಳೆದಂಡೆಯ ಆಶ್ರಮದಲ್ಲಿ ಮುಪ್ಪಯ್ಯ ಎಂಬ ಗುರುಗಳಿದ್ದರು. ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಬಂದ ರೋಗಿಗೆ ಔಷಧ, ಇದ್ದೊಬ್ಬ ಶಿಷ್ಯನಿಗೆ ಬೈಗುಳ, ಎರಡನ್ನೂ ಧಾರಾಳವಾಗಿ ಕೊಡುವವರು.

ಶಿಷ್ಯನ ಹೆಸರು ಕೊಟ್ರಯ್ಯ. ಬೇರು ಕುಟ್ಟುವುದು, ಕಷಾಯ ಕುದಿಸುವುದು ಎಲ್ಲ ಕಲಿತಿದ್ದ. ದ್ರಾಕ್ಷಿ ಹುದುಗಿಸಿ ಮಾಡುವ ದ್ರಾಕ್ಷಾರಿಷ್ಟದ ಜಾಡಿಯನ್ನು ಮಾತ್ರ ಗುರುಗಳು ಅವನ ಕೈಗೆ ಕೊಟ್ಟಿರಲಿಲ್ಲ.

ಅದಕ್ಕೆ ಕೈಗುಣ ಬೇಕೆಂದು ಸುತ್ತಲ ಜನ ನಂಬಿದ್ದರು. ಕೈಗುಣವಿಲ್ಲದವನು ಮುಟ್ಟಿದರೆ ಅರಿಷ್ಟ ಹುದುಗುವುದಿಲ್ಲ, ಕೆಟ್ಟು ನಾರುತ್ತದೆ. ಅಂಥವನು ಎಷ್ಟು ಓದಿದರೂ ವೈದ್ಯನಾಗಲಾರ. ಕೊಟ್ರಯ್ಯನೂ ಅದನ್ನೇ ನಂಬಿದ್ದ.

ಆ ವರ್ಷ ಗುರುಗಳು ಎರಡು ಜಾಡಿ ತೆಗೆದಿಟ್ಟರು. ಒಂದರ ಬಾಯಿ ತಾವು ಕಟ್ಟುವುದಾಗಿಯೂ ಇನ್ನೊಂದನ್ನು ಅವನು ಕಟ್ಟಬೇಕೆಂದೂ ಹೇಳಿದರು.

ದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಹುದುಗು ಬರಿಸುವ ಧಾತಕಿ ಹೂ ಬೆರೆಸಿ ಇಬ್ಬರೂ ಒಂದೊಂದು ಜಾಡಿ ತುಂಬಿದರು. ಮುಚ್ಚಳದ ಸುತ್ತ ಬಟ್ಟೆ ಸುತ್ತಿ ಜೇಡಿಮಣ್ಣು ಮೆತ್ತಿದರು. ಮುಚ್ಚಳದ ತೂತಿಗೆ ಪಪ್ಪಾಯಿ ಎಲೆಯ ಟೊಳ್ಳು ದಂಟು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಬಟ್ಟಲಲ್ಲಿ ಮುಳುಗಿಸುವುದು ಅಲ್ಲಿನ ಪದ್ಧತಿ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗದು. ಗುಳ್ಳೆ ಎದ್ದರೆ ಅರಿಷ್ಟಕ್ಕೆ ಜೀವ ಬಂತೆಂದು ಅರ್ಥ.

ಕೊಟ್ರಯ್ಯ ಮೈಕೈ ತೊಳೆಯಲು ಹೊಳೆಗೆ ಇಳಿದ. ಬರುವಷ್ಟರಲ್ಲಿ ಗುರುಗಳು ಎರಡೂ ಜಾಡಿಗಳನ್ನು ಭಕ್ತರ ಕೈಯಲ್ಲಿ ಒಳಗೆ ಇಡಿಸಿ, ದಂಟು ಬಟ್ಟಲು ಎಲ್ಲ ಹೊಂದಿಸಿಬಿಟ್ಟಿದ್ದರು. ಒಂದು ಮೂಲೆಯಲ್ಲಿ, ಒಂದು ಬಾಗಿಲ ಬಳಿ. ಎರಡೂ ನೋಡಲು ಒಂದೇ ತರಹ.

ಕೆಲವು ದಿನ ಕಳೆದವು. ಮೂಲೆಯ ಬಟ್ಟಲಲ್ಲಿ ಗುಳುಗುಳು ಸದ್ದು ಶುರುವಾಯಿತು. ಬಾಗಿಲ ಬಳಿಯದರಲ್ಲಿ ಒಂದು ಗುಳ್ಳೆಯೂ ಇಲ್ಲ.

ಇದೇ ನನ್ನದು ಎಂದುಕೊಂಡ ಕೊಟ್ರಯ್ಯ. ಗುರುಗಳ ಜಾಡಿ ಎಲ್ಲಾದರೂ ಸುಮ್ಮನಿದ್ದೀತೆ? ಅದನ್ನು ಕೇಳಿ ತಿಳಿಯಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಅವನಿಗೆ ಅನ್ನ ಸೇರಲಿಲ್ಲ. ಹೋಗುವಾಗ ಬರುವಾಗ ಬಗ್ಗಿ ಬಟ್ಟಲು ನೋಡುವುದೇ ಕೆಲಸವಾಯಿತು. ಕೊನೆಗೊಂದು ಬೆಳಗ್ಗೆ ಬಟ್ಟೆಯ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ಅಜ್ಜಾರ, ನನ್ನ ಕೈಯಾಗ ಗುಣ ಇಲ್ಲ. ಜಾಡಿ ಸತ್ತೈತಿ. ಅದನ್ನ ಹೊಳಿಗೆ ಚೆಲ್ಲಿ ಊರಿಗೆ ಹೋಗ್ತೀನಿ."

ಗುರುಗಳು ಅರೆಯುತ್ತಿದ್ದ ಕಲ್ಲಿನಿಂದ ತಲೆ ಎತ್ತಲಿಲ್ಲ.

"ಹೋಗುವಂತಿ. ಮೊದಲು ಅಂಟವಾಳಕಾಯಿ ನೆನಿ ಹಾಕಿ, ಕಿವುಚಿ, ನೊರಿ ಮಾಡ್ಕೊಂಡು ಬಾ."

ಖಾಲಿ ಜಾಡಿ ತೊಳೆಯಲಿಕ್ಕೆ ಇರಬೇಕೆಂದು ಕೊಟ್ರಯ್ಯ ತಿಳಿದ. ಹೋಗುವವನ ಕೈಯಲ್ಲೂ ಕೆಲಸ ಮಾಡಿಸುತ್ತಾರಲ್ಲ ಎಂದು ದುಃಖ ಉಕ್ಕಿ ಬಂತು. ಕಣ್ಣೊರೆಸಿಕೊಳ್ಳುತ್ತಲೇ ನೊರೆ ಎಬ್ಬಿಸಿ ತಂದ.

ಗುರುಗಳು ಬಾಗಿಲ ಬಳಿಯ ಜಾಡಿಯ ಪಕ್ಕ ಕುಳಿತರು. ಬೆರಳಿನಿಂದ ನೊರೆ ತೆಗೆದು ಮುಚ್ಚಳದ ಸುತ್ತ, ಒಣಗಿದ ಮಣ್ಣಿನ ಮೇಲೆಲ್ಲ ಸವರಿದರು. ನೋಡೆಂದು ಸನ್ನೆ ಮಾಡಿದರು.

ಗೋಡೆಯ ಕಡೆ, ಕಣ್ಣಿಗೆ ಬೀಳದ ಜಾಗದಲ್ಲಿ, ಮಣ್ಣು ಕೂದಲೆಳೆಯಷ್ಟು ಬಿರಿದಿತ್ತು. ಅಲ್ಲಿ ನೊರೆ ಉಬ್ಬಿತು, ಒಡೆಯಿತು. ಮತ್ತೆ ಉಬ್ಬಿತು.

"ಇದು ಬದುಕೈತಲ್ರೀ ಅಜ್ಜಾರ."

"ಮೊದಲಿಂದನೂ ಬದುಕೈತಿ. ನೀನು ಕಾಯ್ತಿದ್ದ ದಾರಿಯಾಗ ಉಸಿರು ಬಿಡಲಿಲ್ಲ, ಅಷ್ಟ."

ಕೊಟ್ರಯ್ಯ ಅಲ್ಲೇ ನೆಲದ ಮೇಲೆ ಕುಸಿದು ಕುಳಿತ. ಎದೆ ಹಗುರಾಗಿ ಅಳುವೂ ನಗುವೂ ಒಟ್ಟಿಗೇ ಬಂದವು. ಮರುಕ್ಷಣವೇ ಇನ್ನೊಂದು ಹೆದರಿಕೆ: ಆ ಬಿರುಕಿನಿಂದ ಹೊರಗಿನ ಗಾಳಿ ನುಗ್ಗಿ ಅರಿಷ್ಟ ಕೆಟ್ಟಿದ್ದರೆ?

ಒಳಗಿನದು ಹೊರಗೆ ಬರುವ ಜೋರಿನಲ್ಲಿರುವಾಗ ಹೊರಗಿನದಕ್ಕೆ ದಾರಿ ಸಿಗುವುದಿಲ್ಲ ಎಂದರು ಗುರುಗಳು. ಆ ಜೋರು ಇಳಿಯುವ ಮುಂಚೆ ಬಿರುಕು ಮುಚ್ಚಿದರಾಯಿತು.

ಕೊಟ್ರಯ್ಯ ಎದ್ದು ಓಡಿದ. ಹಸಿ ಜೇಡಿಮಣ್ಣು ತಂದು ಬಿರುಕಿನಲ್ಲಿ ಒತ್ತಿ, ಒದ್ದೆ ಬೆರಳಿನಿಂದ ನಯ ಮಾಡಿದ. ಇಬ್ಬರೂ ಬಟ್ಟಲು ನೋಡುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ದಂಟಿನ ತುದಿಯಲ್ಲಿ ಒಂದು ಗುಳ್ಳೆ ಎದ್ದಿತು. ಅದರ ಹಿಂದೆಯೇ ಇನ್ನೊಂದು.

ಕೊಟ್ರಯ್ಯ ಗುರುಗಳ ಕಾಲು ಹಿಡಿದುಕೊಂಡ.

"ತಪ್ಪಾತ್ರೀ. ನಾನು ಮಣ್ಣು ಸರಿಯಾಗಿ ಮೆತ್ತಲಿಲ್ಲ. ಇನ್ನೊಂದು ಸಲ ಕೈ ಹಚ್ಚಾಕ ಬಿಡ್ರಿ."

ಗುರುಗಳು ಅವನನ್ನು ಹಿಡಿದೆತ್ತಿದರು.

"ಆ ಮಣ್ಣು ಮೆತ್ತಿದಾಂವ ನಾನಪ್ಪ. ಮೂಲ್ಯಾಗಿಂದು ನಿಂದು. ಈಗೀಗ ನನ್ನ ಬೆರಳು ನಡಗ್ತಾವ, ಬರೋ ವರ್ಷ ಎರಡರ ಬಾಯೀನೂ ನೀನ ಕಟ್ಟು."