ಮುನ್ನೂರು ಸಲ ಅರಿವಾದವನು

ಕಪಿಲೆಯ ದಂಡೆಯಲ್ಲಿ ಒಂದು ಆಶ್ರಮ. ಮೇಷ್ಟ್ರಾಗಬೇಕೆನ್ನುವವರು ಅಲ್ಲಿಗೆ ಬಂದು, ಸುತ್ತಲ ಹಳ್ಳಿಯ ಮಕ್ಕಳಿಗೆ ಪಾಠ ಹೇಳುತ್ತಾ ತಾವೂ ಕಲಿಯುತ್ತಿದ್ದರು.

ಗುರುಗಳು ನಂಜಾಂಬೆ ಅಮ್ಮನವರು. ಅವರ ನೇಮ ಒಂದೇ. ದಿನದ ಪಾಠ ಮುಗಿದ ಮೇಲೆ ಮನಸ್ಸಿನೊಳಗೆ ನಡೆದದ್ದನ್ನು ದಿನಚರಿಯಲ್ಲಿ ಬರೆಯಬೇಕು. ವರ್ಷದ ಕೊನೆಗೆ ಅದನ್ನೋದಿ ಅಮ್ಮನವರು ಹೂಂ ಅಂದರೆ ಮೇಷ್ಟ್ರು. ಇಲ್ಲವಾದರೆ ಬಂದ ದಾರಿ ಹಿಡಿಯಬೇಕು.

ಹಾಗೆ ಬಂದವರಲ್ಲಿ ಒಬ್ಬನಾದ ಮಾದೇಶನಿಗೆ ಮೇಷ್ಟ್ರಾಗುವುದು ಬಿಟ್ಟರೆ ಬೇರೆ ಆಸೆಯೇ ಇರಲಿಲ್ಲ. ಬರೆದ, ಬರೆದ, ಮುನ್ನೂರು ಪುಟ ಬರೆದ. ಅಕ್ಷರವೋ, ಮುತ್ತು ಪೋಣಿಸಿದ ಹಾಗೆ.

ಅಮ್ಮನವರು ಎರಡು ದಿನ ಕೂತು ಓದಿದರು. ಮೂರನೆಯ ದಿನ ಅವನನ್ನು ಕರೆಸಿದರು.

“ದಿನಾ ಕೊನೆಗೆ ‘ಅರಿವಾಯಿತು’ ಅಂತ ಬರೆದಿದ್ದೀಯಲ್ಲಪ್ಪ. ತಾಳ್ಮೆಯೇ ತಪಸ್ಸೆಂದು ಅರಿವಾಯಿತು. ಮಕ್ಕಳೇ ದೇವರೆಂದು ಅರಿವಾಯಿತು.”

“ಹೌದಮ್ಮ,” ಮಾದೇಶ ಹಿಗ್ಗಿದ.

“ಮುನ್ನೂರು ಸಲ! ನನಗೆ ಈ ಎಪ್ಪತ್ತು ವರ್ಷದಲ್ಲಿ ಮೂರೋ ನಾಲ್ಕೋ ಸಲ ಆಗಿರಬೇಕು. ಬಾ, ಈ ಚಾಪೆ ಮೇಲೆ ನೀನೇ ಕೂತ್ಕೊ. ನಾನು ನಿನ್ನ ಜಾಗಕ್ಕೆ ಬಂದು ಕೂತ್ಕೋತೀನಿ.”

ಮಾದೇಶ ಪೆಚ್ಚಾದ. “ಹಾಗಾದರೆ ನಾನು ಮೇಷ್ಟ್ರಾಗೋ ಹಾಗಿಲ್ವಾ, ಅಮ್ಮ?”

“ಒಂದೇ ಒಂದು ದಿನದ್ದು ಬರೆದು ತಾ. ‘ಅರಿವಾಯಿತು’ ಅನ್ನೋ ಮಾತು ಅದರಲ್ಲಿರಬಾರದು.”

ಒಂದು ದಿನದ್ದು ತಾನೇ, ಅದೇನು ಮಹಾ ಎಂದುಕೊಂಡು ಹೊಂಗೆಯ ನೆರಳಿಗೆ ಹೋಗಿ ಕೂತ. ಅಯ್ಯೋ, ಸುಲಭವೇ ಅದು! ಮೊದಲ ಸಾಲು ಮುಗಿಯುವುದರೊಳಗೆ ಕೊನೆಯ ಸಾಲು ಓಡಿ ಬಂದು ಕೂರುತ್ತಿತ್ತು. ಹರಿದ. ಮತ್ತೆ ಬರೆದ. ಮತ್ತೆ ಹರಿದ.

ಮಧ್ಯಾಹ್ನದ ಹೊಳೆ ತನ್ನಷ್ಟಕ್ಕೆ ಏನೋ ಗುನುಗುತ್ತಿತ್ತು. ಹೊಂಗೆಯ ಹೂವು ಖಾಲಿ ಪುಟದ ಮೇಲೆ ಉದುರುತ್ತಿತ್ತು. ಕಣ್ಣು ಎಳೆಯತೊಡಗಿತು.

ಕನಸೋ, ಎಚ್ಚರವೋ. ಹೊಳೆಯ ನೀರಿನ ಮೇಲೆ ಮಕ್ಕಳು ಸಾಲಾಗಿ ಕೂತಿದ್ದಾರೆ. ಯಾರ ಬಟ್ಟೆಯೂ ಒದ್ದೆಯಾಗಿಲ್ಲ. ಮಾದೇಶ ಹಾಜರಿಗೆ ಹೆಸರು ಕೇಳುತ್ತಿದ್ದಾನೆ. ಒಬ್ಬೊಬ್ಬರೇ ಹೆಸರು ಹೇಳುವುದು, ತೇಲಿ ಹೋಗುವುದು. ಕೊನೆಗೆ ಒಂದು ಹುಡುಗಿ ಉಳಿದಳು. ಬಾಯಿ ತೆರೆದಳು. ಹೆಸರು ಬರಲಿಲ್ಲ. ತೇಲಿ ಹೋಗಲೂ ಇಲ್ಲ. ಸುಮ್ಮನೆ ಅವನನ್ನೇ ನೋಡುತ್ತಿದ್ದಳು.

ಮಾದೇಶ ದಿಗ್ಗನೆ ಎದ್ದ. ಅವಳು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸೊಟ್ಟಪಟ್ಟ ಅಕ್ಷರದಲ್ಲಿ ಬರೆದ, ಅಮ್ಮನವರ ಮುಂದೆ ಹೋಗಿ ನಿಂತ.

“ಓದು,” ಅಂದರು ಅಮ್ಮನವರು.

“ಆಷಾಢದಲ್ಲಿ ಒಂದು ದಿನ. ಹೊಸದಾಗಿ ಬಂದ ಹುಡುಗಿಯನ್ನು ಹೆಸರೇನೆಂದು ಕೇಳಿದೆ. ಚಿಕ್ಕತಾಯಿ ಅಂತ ಅವಳ ಹೆಸರು. ಅವಳಿಗೆ ಉಗ್ಗು. ‘ಚಿ... ಚಿ...’ ಅಂತ ನಿಂತುಬಿಟ್ಟಳು. ‘ಮೇಷ್ಟ್ರಿಗೇ ಛೀ ಛೀ ಅಂತೀಯೇನೇ?’ ಅಂದೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನನ್ನ ಪಾಠಕ್ಕೆ ಅವರು ಯಾವತ್ತೂ ಹಾಗೆ ನಕ್ಕಿರಲಿಲ್ಲ. ನನಗೆ ಖುಷಿಯಾಯಿತು. ಮಾರನೆಯ ದಿನದಿಂದ ಅವಳು ಬರಲಿಲ್ಲ.”

“ಆವತ್ತಿನ ಪುಟದಲ್ಲಿ ಏನಂತ ಬರೆದಿದ್ದೆ?”

ಮಾದೇಶ ತಲೆ ತಗ್ಗಿಸಿದ. “ನಗುವೇ ಕಲಿಕೆಯ ಬಾಗಿಲೆಂದು ಅರಿವಾಯಿತು, ಅಂತ.”

ಹೇಳಿದವನಿಗೆ ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಅಳು ತಡೆಯಲಾಗಲಿಲ್ಲ. ಅಮ್ಮನವರು ಸಮಾಧಾನ ಹೇಳಲಿಲ್ಲ. ಅವನು ಅತ್ತು ಮುಗಿಸುವವರೆಗೂ ಕಾದರು.

“ಇದಕ್ಕೆ ಕೊನೆಯ ಸಾಲು ಏನಂತ ಬರೆಯಲಿ, ಅಮ್ಮ?”

ಅಮ್ಮನವರು ಅವನ ಕೈಯಿಂದ ಪೆನ್ನು ತೆಗೆದುಕೊಂಡರು.

“ಅದನ್ನು ಚಿಕ್ಕತಾಯಿ ಹೇಳಬೇಕು. ಅವಳ ಮನೆಗೆ ಹೋಗು. ಅವಳ ಮಾತು ಮುಗಿಯೋಕೆ ಎಷ್ಟು ಹೊತ್ತಾದರೂ ಆಗಲಿ, ಮಧ್ಯೆ ಬಾಯಿ ಹಾಕಬೇಡ.”